ಒಂದು ರಾತ್ರಿ ನೋಡಿದರೆ ಸಾಲದು

ಕುಣಿಗಲ್‌ನಿಂದ ತುಮಕೂರಿನ ರೂಮಿಗೆ ಬಂದು ನಾಲ್ಕು ವರ್ಷವಾಯಿತು. ಮೂರು ವರ್ಷದ ಬಿ.ಎಸ್ಸಿ. ಇನ್ನೂ ಮುಗಿದಿಲ್ಲ. ಗಣಿತದ ಒಂದು ಪೇಪರ್ ಎರಡು ಸಲ ಕೈಕೊಟ್ಟಿದೆ. ಗುಬ್ಬಿ ಜಾತ್ರೆಗೆ ಹೋದಾಗ ದೊಡ್ಡಮ್ಮ ಎಲ್ಲರ ಮುಂದೆಯೇ ಕೇಳಿದರು, ‘ಏನೋ, ಇನ್ನೂ ಅಲ್ಲೇ ಇದೀಯಾ?’ ಬಾಯಲ್ಲಿದ್ದ ಹೋಳಿಗೆ ಗಂಟಲಿಗೆ ಇಳಿಯಲಿಲ್ಲ.

ಆ ರಾತ್ರಿ ನಿದ್ದೆ ಬಾರದೆ ಮೊಬೈಲ್ ಹಿಡಿದಾಗ ಕಣ್ಣಿಗೆ ಬಿದ್ದದ್ದು ‘ಗ್ಲಾಕೆ’. ಮಂಗಳ ಮತ್ತು ಗುರು ಗ್ರಹಗಳ ನಡುವಿನ ಪಟ್ಟಿಯಲ್ಲಿರುವ ಕಲ್ಲಿನ ಕ್ಷುದ್ರಗ್ರಹ. 1890ರಲ್ಲಿ ಜರ್ಮನಿಯ ರಾಬರ್ಟ್ ಲೂಥರ್ ಕಂಡುಹಿಡಿದದ್ದು. ವ್ಯಾಸ ಸುಮಾರು 32 ಕಿ.ಮೀ., ಅಂದರೆ ತುಮಕೂರು–ಕುಣಿಗಲ್ ನಡುವೆ ಹಿಡಿಸುವಷ್ಟು. ಬಹಳಷ್ಟು ಕ್ಷುದ್ರಗ್ರಹಗಳು ಕೆಲವೇ ಗಂಟೆಗಳಲ್ಲಿ ತಮ್ಮ ಸುತ್ತ ಒಂದು ಸಲ ತಿರುಗಿಬಿಡುತ್ತವೆ. ಗ್ಲಾಕೆಗೆ ಮಾತ್ರ ಸುಮಾರು 1,170 ಗಂಟೆ, ಹತ್ತಿರ ಹತ್ತಿರ 49 ದಿನ ಬೇಕು!

ಕ್ಷುದ್ರಗ್ರಹ ತಿರುಗುವಾಗ ಅದರ ಬೆಳಕು ಹೆಚ್ಚು–ಕಡಿಮೆ ಆಗುತ್ತದೆ. ಅದನ್ನು ಅಳೆದೇ ವೇಗದ ಲೆಕ್ಕ ಹಾಕುತ್ತಾರೆ. ರಾತ್ರಿ ಎಂಟು ಗಂಟೆ ದೂರದರ್ಶಕದ ಮುಂದೆ ಕೂತರೂ ಗ್ಲಾಕೆ ತಿರುಗುವುದು ಬರೀ ಎರಡೂವರೆ ಡಿಗ್ರಿ. ಒಂದೇ ರಾತ್ರಿ ನೋಡಿದವರಿಗೆ ಅದು ನಿಂತಂತೆಯೇ ಕಾಣುತ್ತದೆ. ವಾರಗಟ್ಟಲೆ ನೋಡಿದವರಿಗಷ್ಟೇ ತಿರುಗುತ್ತಿರುವುದು ಗೊತ್ತಾಗುತ್ತದೆ.

ಆಗ ಅಪ್ಪ ನೆನಪಾದರು. ಎರಡೂ ಸಲದ ಅಂಕಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ‘ಹನ್ನೊಂದು ಇದ್ದದ್ದು ಇಪ್ಪತ್ನಾಲ್ಕು ಆಗಿದೆಯಲ್ಲೋ’ ಎಂದಷ್ಟೇ ಹೇಳಿದ್ದರು. ಅವತ್ತು ನನಗೆ ಸಿಟ್ಟು ಬಂದಿತ್ತು.

ಸೋಮವಾರ ಮೂರನೇ ಸಲ ಪರೀಕ್ಷೆ. ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ನಿಂತಿಲ್ಲ ಅನ್ನುವುದಂತೂ ಗೊತ್ತು. ಮುಂದಿನ ಜಾತ್ರೆಯಲ್ಲಿ ಮತ್ತೆ ಕೇಳಿ ದೊಡ್ಡಮ್ಮ, ಈ ಸಲ ತಲೆ ತಗ್ಗಿಸದೆ ಉತ್ತರ ಹೇಳುತ್ತೇನೆ.