ಹಸುಳೆಯ ನೆತ್ತಿ ಮತ್ತು ಮಿದುಳಿನ ಪರೀಕ್ಷೆ

ನವಜಾತ ಶಿಶುವಿನ ನೆತ್ತಿಯ ಮೇಲೆ ಕೈಯಾಡಿಸಿದರೆ ಮೆತ್ತಗಿನ ಒಂದು ಜಾಗ ಬೆರಳಿಗೆ ತಗಲುತ್ತದೆ. ಅಲ್ಲಿ ತಲೆಬುರುಡೆಯ ಎಲುಬುಗಳು ಇನ್ನೂ ಕೂಡಿಕೊಂಡಿರುವುದಿಲ್ಲ. ನೆತ್ತಿ ಬೇಗ ಕೂಡಲೆಂದು ಹರಳೆಣ್ಣೆ ಹಚ್ಚುವ ವಾಡಿಕೆ ನಮ್ಮ ಮನೆಗಳಲ್ಲಿ ಉಂಟು. ವಾಸ್ತವವಾಗಿ ಅದು ಸಾಮಾನ್ಯವಾಗಿ 9ರಿಂದ 18 ತಿಂಗಳ ನಡುವೆ ತಾನಾಗಿಯೇ ಮುಚ್ಚುತ್ತದೆ. ಅಲ್ಲಿಯವರೆಗೆ ತೆರೆದಿರುವುದು ವೈದ್ಯರಿಗೆ ಒಂದು ಅನುಕೂಲವೇ ಸರಿ.

ಎಲುಬು ಶ್ರವಣಾತೀತ ಶಬ್ದತರಂಗಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ನೆತ್ತಿಯ ಪೊರೆ ತಡೆಯುವುದಿಲ್ಲ. ಆದುದರಿಂದ ಅಲ್ಟ್ರಾಸೌಂಡ್ ಯಂತ್ರದ ಹಿಡಿಕೆಯನ್ನು ನೆತ್ತಿಯ ಮೇಲಿರಿಸಿ, ಮಿದುಳಿನ ದ್ರವಕೋಶಗಳು ಹಿಗ್ಗಿವೆಯೇ, ಅದರ ಎಡಬಲ ಭಾಗಗಳನ್ನು ಜೋಡಿಸುವ ನರತಂತುಗಳ ಸೇತುವೆ ರೂಪುಗೊಂಡಿದೆಯೇ ಎಂಬುದನ್ನು ನೋಡಬಹುದು. ಇದರಲ್ಲಿ ಕ್ಷ-ಕಿರಣದ ಬಳಕೆಯಿಲ್ಲ; ಮತ್ತು ಬರಿಸುವ ಔಷಧಿಯೂ ಬೇಕಿಲ್ಲ. ನೆತ್ತಿ ಕಿರಿದಾದಂತೆಲ್ಲ ಚಿತ್ರ ಮಸುಕಾಗುತ್ತದೆ, ಮುಚ್ಚಿದ ಮೇಲೆ ಈ ಸುಲಭದ ದಾರಿ ಉಳಿಯದು. "ಮಗು ಇನ್ನೂ ಸ್ವಲ್ಪ ದೊಡ್ಡದಾಗಲಿ, ನೋಡೋಣ" ಎನ್ನುವ ಹಿರಿಯರು ಇದನ್ನು ಗಮನಿಸಬೇಕು.

ಪರೀಕ್ಷೆ ಯಾವಾಗ ಬೇಕೆಂಬುದನ್ನು ಮೊದಲು ತಿಳಿಸುವುದು ಯಂತ್ರವಲ್ಲ, ಅಳತೆಯ ಟೇಪು. ಹುಟ್ಟಿದಾಗ ಸುಮಾರು 33ರಿಂದ 35 ಸೆಂ.ಮೀ. ಇರುವ ತಲೆಯ ಸುತ್ತಳತೆ ಮೊದಲ 3 ತಿಂಗಳಲ್ಲಿ ತಿಂಗಳಿಗೆ ಸುಮಾರು 2 ಸೆಂ.ಮೀ.ನಷ್ಟು ಹೆಚ್ಚುತ್ತದೆ. ಅದಕ್ಕಿಂತ ವೇಗವಾಗಿ ತಲೆ ಬೆಳೆದು, ನೆತ್ತಿ ಉಬ್ಬಿ, ಕಣ್ಣಾಲಿಗಳು ಕೆಳಕ್ಕಿಳಿದಂತೆ ಕಂಡರೆ, ಮಿದುಳಿನ ದ್ರವವು ಹರಿದುಹೋಗದೆ ಒಳಗೇ ಶೇಖರವಾಗುತ್ತಿರಬಹುದು. ಇದೇ ಹೈಡ್ರೋಸೆಫಾಲಸ್. ಬೇಗ ಪತ್ತೆಯಾದಲ್ಲಿ, ಸಣ್ಣ ನಳಿಕೆಯ ಮೂಲಕ ದ್ರವವನ್ನು ಹೊಟ್ಟೆಯೊಳಕ್ಕೆ ಹರಿಯಿಸುವಂತಹ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನ ಹಾನಿಯನ್ನು ತಡೆಯಲು ಸಾಧ್ಯ. ತಡವಾದರೆ ದೃಷ್ಟಿಗೂ ಬುದ್ಧಿಶಕ್ತಿಗೂ ಅಪಾಯವುಂಟು.

ತಲೆ ಒಂದು ದಿಕ್ಕಿಗೆ ಮಾತ್ರ ನೀಳವಾಗುತ್ತಿದ್ದರೆ, ಬುರುಡೆಯ ಎಲುಬುಗಳ ಸಂದು ಅವಧಿಗೆ ಮುನ್ನವೇ ಬೆಸೆದುಕೊಂಡಿರಬಹುದು. ನೀರೆರೆಯುವಾಗ ತಲೆಯನ್ನು ಒತ್ತಿ ತಿದ್ದುವುದರಿಂದ ಇದು ಸರಿಹೋಗದು. ಎಲುಬಿನ ಸ್ಥಿತಿಯನ್ನು ಸಿ.ಟಿ. ಸ್ಕ್ಯಾನ್ ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ಅದರಲ್ಲಿ ವಿಕಿರಣವಿರುವುದರಿಂದ ವೈದ್ಯರು ಅಗತ್ಯವಿದ್ದಲ್ಲಿ ಮಾತ್ರ ಮಾಡಿಸುವರು. ಮಿದುಳಿನ ರಚನೆಯ ಸೂಕ್ಷ್ಮಗಳಿಗೆ ಎಂ.ಆರ್.ಐ. ಮೇಲು. ಅದಕ್ಕೆ ಮಗು ಅಲುಗದೆ ಮಲಗಿರಬೇಕು; ಎಳೆಯ ಶಿಶುವಾದರೆ ಹಾಲೂಡಿಸಿ, ಬಟ್ಟೆಯಲ್ಲಿ ಸುತ್ತಿ ನಿದ್ರೆಗೊಳಿಸಿದರೆ ಅನೇಕ ವೇಳೆ ಸಾಕಾಗುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಶಿಶುಗಳ ಜನ್ಮಜಾತ ದೋಷಗಳ ತಪಾಸಣೆಗೆ ಏರ್ಪಾಡಿದೆ. ತವರಿನಲ್ಲಿ ಹೆರಿಗೆಯಾಗಿ ಮುಂಬಯಿಗೋ ಚೆನ್ನೈಗೋ ಮರಳುವ ತಾಯಂದಿರು, ಹುಟ್ಟಿದಾಗಿನ ತಲೆಯ ಅಳತೆ ಬರೆದಿರುವ ಕಾರ್ಡನ್ನು ಮರೆಯದೆ ತರತಕ್ಕದ್ದು. ಹಿಂದಿನ ಅಳತೆ ಇಲ್ಲದಿದ್ದರೆ ತಲೆ ಎಷ್ಟು ವೇಗದಿಂದ ಬೆಳೆದಿದೆಯೆಂಬುದು ಹೊಸ ಊರಿನ ವೈದ್ಯರಿಗೆ ತಿಳಿಯುವುದಿಲ್ಲ.