ಗೆಲ್ಲಲೇಬೇಕಾದವರು, ಗೆಲ್ಲದಿದ್ದರೂ ನಡೆಯುವವರು

ಐಪಿಎಲ್ ಕೊನೆಯ ವಾರ ಬಂತು ಅಂದ್ರೆ ನಾವೆಲ್ಲ ಲೆಕ್ಕ ಹಾಕೋಕೆ ಕೂರ್ತೀವಿ. ಇವರು ಸೋಲಬೇಕು, ಅವರು ಗೆಲ್ಲಬೇಕು, ಆಗ ನಮ್ಮವರು ಪ್ಲೇಆಫ್‌ಗೆ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಮರೀತೀವಿ. ಎದುರಾಳಿಗೆ ಆ ಪಂದ್ಯ ನಿಜವಾಗಿಯೂ ಬೇಕಾ?

ಈ ಪ್ರಶ್ನೆ ಎಷ್ಟು ದೊಡ್ಡದು ಅನ್ನೋದಕ್ಕೆ ಅಮೆರಿಕದ ಫುಟ್‌ಬಾಲ್‌ನಲ್ಲಿ ಒಳ್ಳೆಯ ಉದಾಹರಣೆ ಇದೆ. ಇದು ನಮ್ಮ ಕಾಲ್ಚೆಂಡಾಟ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಅದರ ದೊಡ್ಡ ಲೀಗ್ ಎನ್‌ಎಫ್‌ಎಲ್. ಒಟ್ಟು 32 ತಂಡ. 2009ರ ಸೀಸನ್‌ನಲ್ಲಿ ಪ್ರತಿ ತಂಡಕ್ಕೂ 16 ಲೀಗ್ ಪಂದ್ಯ, ಪ್ಲೇಆಫ್‌ಗೆ 12 ತಂಡ.

2009ರ ಡಿಸೆಂಬರ್ 27. ಇಂಡಿಯಾನಾಪೊಲಿಸ್ ಕೋಲ್ಟ್ಸ್ ಆಡಿದ 14 ಪಂದ್ಯಗಳಲ್ಲಿ 14 ಗೆದ್ದಿತ್ತು. ಅಗ್ರಸ್ಥಾನ ಖಚಿತ, ಇನ್ನು ಸೋತರೂ ಕಳೆದುಕೊಳ್ಳುವುದು ಏನೂ ಇಲ್ಲ. ಎದುರಿಗೆ ನ್ಯೂಯಾರ್ಕ್ ಜೆಟ್ಸ್. ಏಳು ಗೆಲುವು, ಏಳು ಸೋಲು. ಅವರಿಗೆ ಪ್ರತಿ ಪಂದ್ಯವೂ ಜೀವನ್ಮರಣದ ಪ್ರಶ್ನೆ.

ಕೋಲ್ಟ್ಸ್ 15-10ರಿಂದ ಮುಂದಿತ್ತು. ಆಗ ಕೋಚ್ ಜಿಮ್ ಕಾಲ್ಡ್‌ವೆಲ್, ಆಟವನ್ನು ನಡೆಸುತ್ತಿದ್ದ ತಾರೆ ಪೇಟನ್ ಮ್ಯಾನಿಂಗ್‌ರನ್ನೇ ಹೊರಗೆ ಕರೆದು ಕೂರಿಸಿದರು. ಪ್ಲೇಆಫ್‌ಗೆ ಮೊದಲು ಗಾಯ ಆಗಬಾರದು ಅನ್ನೋ ಲೆಕ್ಕ. ತವರು ಪ್ರೇಕ್ಷಕರೇ ಕೂಗಾಡಿದರು. ಜೆಟ್ಸ್ 29-15ರಿಂದ ಗೆದ್ದಿತು.

ಮುಂದಿನ ವಾರ ಜೆಟ್ಸ್‌ಗೆ ಎದುರಾಗಿದ್ದು ಸಿನ್ಸಿನಾಟಿ ಬೆಂಗಾಲ್ಸ್. ಅವರಿಗೂ ಪ್ಲೇಆಫ್ ಖಚಿತವಾಗಿತ್ತು. ಫಲಿತಾಂಶ 37-0! ಜೆಟ್ಸ್ ಒಂಬತ್ತು ಗೆಲುವಿನೊಂದಿಗೆ ಪ್ಲೇಆಫ್ ಸೇರಿತು. ಅಷ್ಟೇ ಒಂಬತ್ತು ಪಂದ್ಯ ಗೆದ್ದಿದ್ದ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಮತ್ತು ಹ್ಯೂಸ್ಟನ್ ಟೆಕ್ಸನ್ಸ್ ಮನೆಗೆ ಹೋದವು. ಸ್ಟೀಲರ್ಸ್ ಆಗ ಹಾಲಿ ಚಾಂಪಿಯನ್ ಬೇರೆ! ಕೋಲ್ಟ್ಸ್ ಆ ಪಂದ್ಯ ಗೆದ್ದಿದ್ದರೆ ಈ ಎರಡರಲ್ಲಿ ಒಂದಕ್ಕೆ ಜಾಗ ಸಿಗುತ್ತಿತ್ತು.

ಹಾಗಾದರೆ ಜೆಟ್ಸ್‌ದು ಬರೀ ಅದೃಷ್ಟವಾ? ಅಲ್ಲ. ಪ್ಲೇಆಫ್‌ನಲ್ಲಿ ಅದೇ ಬೆಂಗಾಲ್ಸ್ ತಂಡವನ್ನು ಮತ್ತೆ ಸೋಲಿಸಿತು. ಆದರೆ ಈ ಸಲ ಅಂತರ 24-14. ಜನವರಿ 24ಕ್ಕೆ ಅದೇ ಕೋಲ್ಟ್ಸ್, ಅದೇ ಮೈದಾನ. ಈಗ ಇಬ್ಬರಿಗೂ ಗೆಲುವು ಬೇಕು, ಮ್ಯಾನಿಂಗ್ ಕೊನೆಯವರೆಗೂ ಆಡಿದರು. ಕೋಲ್ಟ್ಸ್ 30-17ರಿಂದ ಗೆದ್ದಿತು. ನಾಲ್ಕೇ ವಾರದಲ್ಲಿ ಬದಲಾಗಿದ್ದು ತಂಡಗಳ ಶಕ್ತಿ ಅಲ್ಲ, ಅಗತ್ಯ.

ಕೋಚ್‌ನನ್ನು ಬೈಯೋದು ಸುಲಭ. ಆದರೆ ಅವರ ಭಯವೂ ಸುಳ್ಳಲ್ಲ. ಜೆಟ್ಸ್ 37-0ರಿಂದ ಗೆದ್ದ ಅದೇ ದಿನ, ಪ್ಲೇಆಫ್ ಖಚಿತಪಡಿಸಿಕೊಂಡಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತನ್ನ ಪ್ರಮುಖ ಆಟಗಾರ ವೆಸ್ ವೆಲ್ಕರ್‌ರನ್ನು ಕಣಕ್ಕಿಳಿಸಿತ್ತು. ಅವರ ಮೊಣಕಾಲಿಗೆ ಗಂಭೀರ ಗಾಯವಾಯ್ತು. ಮುಂದಿನ ವಾರ ಪ್ಲೇಆಫ್‌ನಲ್ಲಿ ಪೇಟ್ರಿಯಟ್ಸ್ 33-14ರಿಂದ ಸೋತು ಹೊರಬಿತ್ತು. ಈಗ ಹೇಳಿ, ಕೋಚ್ ಏನು ಮಾಡಬೇಕು?

ಲೀಗ್ ಒಂದು ಉಪಾಯ ಮಾಡಿತು. 2010ರಿಂದ ಕೊನೆಯ ವಾರದ ಎಲ್ಲ ಪಂದ್ಯಗಳನ್ನೂ ಒಂದೇ ಗುಂಪಿನ ತಂಡಗಳ ನಡುವೆ ಇಟ್ಟಿತು. ಅಕ್ಕಪಕ್ಕದ ಪೈಪೋಟಿ ಇದ್ದರೆ ಕೊನೆಯವರೆಗೂ ಬಿಸಿ ಇರುತ್ತೆ ಅಂತ.

ಆದರೂ ಸಮಸ್ಯೆ ಪೂರ್ತಿ ತೀರಲಿಲ್ಲ. ಕಾರಣ, ಎನ್‌ಎಫ್‌ಎಲ್‌ನಲ್ಲಿ ಕಡಿಮೆ ಗೆದ್ದ ತಂಡಕ್ಕೆ ಮುಂದಿನ ವರ್ಷ ಹೊಸ ಆಟಗಾರರನ್ನು ಮೊದಲು ಆರಿಸುವ ಅವಕಾಶ. ಅಂದ್ರೆ ಸೋತರೂ ಲಾಭ! 2021ರ ಜನವರಿ 3ರಂದು, ಆಗಲೇ ಹೊರಬಿದ್ದಿದ್ದ ಫಿಲಡೆಲ್ಫಿಯಾ ಈಗಲ್ಸ್ ಮೂರೇ ಅಂಕ ಹಿಂದಿದ್ದಾಗ ಜೇಲನ್ ಹರ್ಟ್ಸ್‌ರನ್ನು ತೆಗೆದು ಮೂರನೇ ದರ್ಜೆಯ ಆಯ್ಕೆಯಾಗಿದ್ದ ನೇಟ್ ಸಡ್‌ಫೆಲ್ಡ್‌ರನ್ನು ಇಳಿಸಿತು. ಅವರಿಗೂ ಅವಕಾಶ ಕೊಡಬೇಕಿತ್ತು ಅಂದರು ಕೋಚ್. ವಾಷಿಂಗ್ಟನ್ 20-14ರಿಂದ ಗೆದ್ದು ಪ್ಲೇಆಫ್‌ಗೆ ಹೋಯಿತು. ಅದೇ ದಿನ ತನ್ನ ಪಂದ್ಯ ಗೆದ್ದು, ಟಿವಿ ಮುಂದೆ ಕಾಯುತ್ತಿದ್ದ ನ್ಯೂಯಾರ್ಕ್ ಜೈಂಟ್ಸ್ ಹೊರಬಿತ್ತು. ಈ ಎರಡು ತಂಡಗಳೂ ಒಂದೇ ಗುಂಪಿನವು ಅನ್ನೋದನ್ನು ಗಮನಿಸಿ.

ಇಲ್ಲೊಂದು ಎಚ್ಚರಿಕೆ. ಆಟಗಾರರು ಬೇಕಂತ ಸೋಲ್ತಾರೆ ಅಂದುಕೊಳ್ಳಬೇಡಿ. ಅವರ ಮುಂದಿನ ಒಪ್ಪಂದ, ಅನ್ನ ಎಲ್ಲ ಆ ಆಟದ ಮೇಲೇ ನಿಂತಿರುತ್ತೆ. ಯಾರನ್ನು ಇಳಿಸಬೇಕು, ಯಾರನ್ನು ಕೂರಿಸಬೇಕು ಅನ್ನೋದು ಮೇಲಿನವರ ತೀರ್ಮಾನ. ಆ ತೀರ್ಮಾನಕ್ಕೆ ದಾರಿ ಮಾಡಿಕೊಡೋದು ಲೀಗ್‌ನ ನಿಯಮ.

ಹಾಗಾಗಿ ಮುಂದಿನ ಸಲ ಯಾವುದೇ ಲೀಗ್‌ನ ಕೊನೆಯ ವಾರ ನೋಡುವಾಗ ಯಾರು ಬಲಿಷ್ಠರು ಅಂತ ಮಾತ್ರ ಕೇಳಬೇಡಿ. ಗೆಲುವು ಯಾರಿಗೆ ಬೇಕು, ಸೋತರೆ ಯಾರಿಗೆ ಲಾಭ, ಮೈದಾನದಲ್ಲೇ ಇಲ್ಲದ ಯಾವ ತಂಡ ಇದರ ಬೆಲೆ ಕಟ್ಟುತ್ತೆ ಅಂತಲೂ ಕೇಳಿ. ಪಾಯಿಂಟ್ಸ್ ಪಟ್ಟಿ ಈ ಮೂರಕ್ಕೂ ಉತ್ತರ ಕೊಡೋದಿಲ್ಲ.