ಸುಳ್ಳು ಯಾವುದು ಅಂತ ಹೇಳೋದು ಯಾರು?

ನೀವು ಸರ್ಕಾರದ ಬಗ್ಗೆ ಪೋಸ್ಟ್ ಹಾಕ್ತೀರಿ. ಅದು ಸುಳ್ಳು ಅಂತ ತೀರ್ಪು ಕೊಡೋದೂ ಸರ್ಕಾರವೇ ಆದ್ರೆ?

2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಐಟಿ ನಿಯಮಗಳಿಗೆ ಇಂಥದ್ದೇ ತಿದ್ದುಪಡಿ ತಂತು. ಕೇಂದ್ರದ ವ್ಯವಹಾರಗಳ ಬಗೆಗಿನ ಮಾಹಿತಿ 'ನಕಲಿ, ಸುಳ್ಳು ಅಥವಾ ದಾರಿತಪ್ಪಿಸುವಂಥದ್ದು' ಅಂತ ಕೇಂದ್ರದ್ದೇ ಫ್ಯಾಕ್ಟ್ ಚೆಕ್ ಘಟಕ ಗುರುತಿಸೋದು. ಆಮೇಲೂ ಫೇಸ್‌ಬುಕ್, ಯೂಟ್ಯೂಬ್ ಅದನ್ನ ಹಾಗೇ ಬಿಟ್ರೆ? ಬೇರೆಯವರ ಪೋಸ್ಟಿಗೆ ತಾವು ಹೊಣೆಯಲ್ಲ ಅನ್ನೋ ಕಾನೂನಿನ ರಕ್ಷಣೆಯೇ ಕೈತಪ್ಪಬಹುದು. ಅಂದ್ಮೇಲೆ ಯಾವ ಕಂಪನಿ ನಿಮಗೋಸ್ಕರ ಕೋರ್ಟು ಮೆಟ್ಟಿಲು ಹತ್ತುತ್ತೆ ಹೇಳಿ? ಪೋಸ್ಟ್ ತೆಗೆದು ಕೈ ತೊಳ್ಕೊಳ್ಳುತ್ತೆ.

ಮೆಟ್ಟಿಲು ಹತ್ತಿದ್ದು ಹಾಸ್ಯ ಕಲಾವಿದ ಕುನಾಲ್ ಕಾಮ್ರಾ, ಎಡಿಟರ್ಸ್ ಗಿಲ್ಡ್ ಮತ್ತಿತರರು. 2024ರ ಮಾರ್ಚ್ 20ಕ್ಕೆ ಕೇಂದ್ರ ಸರ್ಕಾರ ಈ ಘಟಕದ ಅಧಿಸೂಚನೆ ಹೊರಡಿಸ್ತು. ಮರುದಿನವೇ ಸುಪ್ರೀಂ ಕೋರ್ಟ್ ತಡೆ! ಬಾಂಬೆ ಹೈಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಒಡೆದಿತ್ತು. ಸೆಪ್ಟೆಂಬರ್‌ನಲ್ಲಿ ಮೂರನೆಯವರು, ಎ.ಎಸ್. ಚಂದೂರ್ಕರ್, ನಿಯಮ ಸಂವಿಧಾನಬಾಹಿರ ಅಂದ್ರು. ಅವರ ಒಂದು ತಕರಾರಂತೂ ನೇರಾನೇರ: ಪತ್ರಿಕೆಯಲ್ಲಿ ಅಚ್ಚಾದಾಗ ಇಲ್ಲದ ಈ ತಪಾಸಣೆ ಡಿಜಿಟಲ್ ಆದ ತಕ್ಷಣ ಯಾಕೆ?

ಸುಳ್ಳು ಸುದ್ದಿಯಿಂದ ಅನಾಹುತ ಆಗ್ತಿರೋದು ನಿಜ, ಕಾನೂನೂ ಬೇಕು. ಆದ್ರೆ ನಮ್ಮ ಕರ್ನಾಟಕದ್ದೇ ಇರಲಿ, ದೆಹಲಿಯದ್ದೇ ಇರಲಿ, ಇಂಥ ಮಸೂದೆ ಬಂದಾಗ ಎಷ್ಟು ವರ್ಷ ಜೈಲು ಅಂತ ಹುಡುಕೋ ಮೊದಲು, ಸುಳ್ಳು ಯಾವುದು ಅಂತ ತೀರ್ಮಾನಿಸೋರು ಯಾರು ಅನ್ನೋ ಕಲಂ ಓದಿ.